ಜಾವಳಿಯ ತೂಕದ ಚೀಟಿ: ಮೊಬೈಲ್ ಆ್ಯಪ್‌ಗಳಲ್ಲಿ ಪ್ರೊಸೆಸ್‌ನಿಂದ ಪ್ರೊಸೆಸ್‌ಗೆ ಆಬ್ಜೆಕ್ಟ್ ದಾಟುವ ಬಗೆ

ಹೇಮಾವತಿ ಹುಟ್ಟುವ ಜಾವಳಿಯ ಬೆಳೆಗಾರರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ತಮ್ಮೂರಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡುತ್ತಾರೆ ಎಂದುಕೊಳ್ಳೋಣ. ಕಣ್ಣಿಗೆ ಅದು ಒಂದೇ ಪರದೆ, ಒಂದೇ ಕೆಲಸ. ಫೋನಿನ ಒಳಗಿನ ಲೆಕ್ಕವೇ ಬೇರೆ: ಕೀಬೋರ್ಡ್ ಓಡುವುದು ಒಂದು ಪ್ರೊಸೆಸ್‌ನಲ್ಲಿ, ವಾಟ್ಸ್‌ಆ್ಯಪ್ ಇನ್ನೊಂದರಲ್ಲಿ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಲಿನಕ್ಸ್‌ನ ಪ್ರತ್ಯೇಕ ಬಳಕೆದಾರ ಸಂಖ್ಯೆ ಸಿಗುತ್ತದೆ. ಒಂದರ ಮೆಮೊರಿಗೆ ಇನ್ನೊಂದು ಕೈಹಾಕುವಂತಿಲ್ಲ. ಹಾಗಾಗಿ ಒತ್ತಿದ ಪ್ರತಿ ಅಕ್ಷರವೂ ಈ ಗಡಿಯನ್ನು ದಾಟಿಯೇ ಪರದೆಗೆ ಬರಬೇಕು.

ಈ ದಾಟುವಿಕೆಯನ್ನು ನಡೆಸಿಕೊಡುವುದು ಬೈಂಡರ್. ಇದರ ಬೇರು ಬಿ ಇಂಕ್ ಕಂಪನಿಯಲ್ಲಿ ಶುರುವಾಗಿ ಪಾಮ್‌ಸೋರ್ಸ್‌ನಲ್ಲಿ ಬೆಳೆದ ಓಪನ್‌ಬೈಂಡರ್‌ನಲ್ಲಿದೆ. 2015ರಲ್ಲಿ ಹೊರಬಂದ ಲಿನಕ್ಸ್ 3.19ರ ಹೊತ್ತಿಗೆ ಆಂಡ್ರಾಯ್ಡ್‌ನ ಬೈಂಡರ್ ಡ್ರೈವರ್ ಕರ್ನೆಲ್‌ನ ಪ್ರಯೋಗದ ಅಂಗಳ ಬಿಟ್ಟು ಮುಖ್ಯ ಭಾಗಕ್ಕೆ ಸೇರಿತು. ಜಾವಳಿಯ ಆ ಟೈಪಿಂಗ್‌ಗೆ ಬೈಂಡರ್ ಜೊತೆ ಇನ್ನೆರಡು ಬೇಕಿತ್ತು. ಬೇರೆಯವರು ಬರೆದ ಕೀಬೋರ್ಡ್‌ಗಳಿಗೆ ಆಂಡ್ರಾಯ್ಡ್ ಬಾಗಿಲು ತೆರೆದದ್ದು 2009ರ 1.5 ಆವೃತ್ತಿಯಲ್ಲಿ. ಕನ್ನಡ ಪಠ್ಯ ತೋರಿಸುವ ಬೆಂಬಲ ವಿಸ್ತಾರಗೊಂಡದ್ದು 2012ರ 4.1ರಲ್ಲಿ.

ಆಬ್ಜೆಕ್ಟ್ 'ಕಳಿಸುತ್ತೇವೆ' ಎಂದು ಆ್ಯಪ್ ಬರೆಯುವವರು ಸಲೀಸಾಗಿ ಹೇಳುತ್ತಾರೆ. ಆದರೆ ಹೊರಟ ಆಬ್ಜೆಕ್ಟ್ ಅಲ್ಲೇ ಉಳಿಯುತ್ತದೆ. ದಾಟುವುದು ಅದರ ಬೈಟ್‌ಗಳ ಪಟ್ಟಿ ಮಾತ್ರ; ಆಂಡ್ರಾಯ್ಡ್‌ನಲ್ಲಿ ಅದನ್ನು ಹೊರುವುದು 'ಪಾರ್ಸೆಲ್'. ಆ ಕಡೆ ಇರುವವರು ಪಟ್ಟಿಯನ್ನು ಓದಿ ಇನ್ನೊಂದು ಆಬ್ಜೆಕ್ಟ್ ಕಟ್ಟಿಕೊಳ್ಳುತ್ತಾರೆ. ಈ ಕ್ಷೇತ್ರದ ಹೆಚ್ಚಿನ ತೊಂದರೆಗಳು, ಭದ್ರತೆಯ ದೊಡ್ಡ ಬಿರುಕುಗಳೂ ಸೇರಿದಂತೆ, ಬರೆದವರ ಮತ್ತು ಓದುವವರ ನಡುವಿನ ಒಪ್ಪಂದ ಎಲ್ಲೋ ತಪ್ಪಿದ್ದರಿಂದ ಹುಟ್ಟಿದವು ಎಂಬುದು ಈ ಲೇಖನದ ವಾದ.

ಮೂಡಿಗೆರೆ, ಕಳಸದ ಕಾಫಿ ತೋಟಗಳ ಒಂದು ಚಿತ್ರವನ್ನೇ ತೆಗೆದುಕೊಳ್ಳಬಹುದು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದೇ ಕೆಲಸವನ್ನು ಎರಡು ಆ್ಯಪ್‌ಗಳು ಮಾಡುತ್ತವೆ ಎಂದು ಭಾವಿಸೋಣ: ಒಂದು ಬ್ಲೂಟೂತ್ ತಕ್ಕಡಿಯಿಂದ ತೂಕ ಓದುತ್ತದೆ, ಇನ್ನೊಂದು ಕೂಲಿಯ ಲೆಕ್ಕ ಇಡುತ್ತದೆ. ನಡುವೆ ಓಡಾಡುವುದು 'ತೂಕದ ಚೀಟಿ' ಎಂಬ ಸ್ವಂತ ಕ್ಲಾಸ್. ಅದರಲ್ಲಿ ಊರು, ಬ್ಲಾಕ್ ನಂಬರ್, ಕೆಜಿ ಎಂಬ ಮೂರು ಅಂಶಗಳಿವೆ. ಇಂಥ ಕ್ಲಾಸ್ 'ಪಾರ್ಸೆಲೆಬಲ್' ಆಗಬೇಕು. ಅಂದರೆ ತನ್ನನ್ನು ಬರೆದುಕೊಳ್ಳುವ ವಿಧಾನ, ಓದಿ ಮರಳಿ ಕಟ್ಟುವ ವಿಧಾನ ಎರಡನ್ನೂ ಅದೇ ಒದಗಿಸಬೇಕು; ಎರಡೂ ಆ್ಯಪ್‌ಗಳಲ್ಲಿ ಕ್ಲಾಸ್ ಅದೇ ಪೂರ್ಣ ಹೆಸರಿನಲ್ಲಿರಬೇಕು. ಎರಡು ಆ್ಯಪ್‌ಗಳ ನಡುವಿನ ಒಪ್ಪಂದ ಬರೆದಿಡುವ ಎಐಡಿಎಲ್ ಕಡತದಲ್ಲಿ ಅದನ್ನು ಘೋಷಿಸಬೇಕು.

'ಜಾವಳಿ' ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ ಐದು ಚಿಹ್ನೆಗಳಿವೆ: ಜ, ದೀರ್ಘದ ಗುರುತು, ವ, ಳ, ಗುಡಿಸು. ಸಾಮಾನ್ಯ ಸ್ಟ್ರಿಂಗ್ ಇಲ್ಲಿ ಯುಟಿಎಫ್-16 ರೂಪದಲ್ಲಿ ಹೋಗುವುದರಿಂದ ಚಿಹ್ನೆಗೆ 2 ಬೈಟ್, ಒಟ್ಟು 10. ಮುಂದೆ ಉದ್ದ ಹೇಳಲು 4, ಕೊನೆಯ ಗುರುತಿಗೆ 2. ಊರಿನ ಹೆಸರು 16 ಬೈಟ್‌ಗೆ ಮುಗಿಯಿತು. ವೆಬ್‌ನಲ್ಲಿ ಬಳಕೆಯಲ್ಲಿರುವ ಯುಟಿಎಫ್-8ರಲ್ಲಿ ಅಕ್ಷರಗಳಿಗೇ 15 ಬೈಟ್ ಬೇಕಾಗುತ್ತಿತ್ತು. ಬ್ಲಾಕ್ ನಂಬರ್ ಪೂರ್ಣಾಂಕ, 4 ಬೈಟ್. ತೂಕ ದಶಮಾಂಶದ ಸಂಖ್ಯೆ, ಅದಕ್ಕೂ 4. ಇಡೀ ಚೀಟಿ 24 ಬೈಟ್.

ಅಪಾಯ ಇರುವುದು ಆ ಎರಡು ನಾಲ್ಕುಗಳಲ್ಲಿ. ಪಾರ್ಸೆಲ್‌ನಲ್ಲಿ ಇಂಥ ಬಿಡಿ ಸಂಖ್ಯೆಗಳಿಗೆ ಹೆಸರೂ ಇಲ್ಲ, ಯಾವ ಬಗೆಯದೆಂಬ ಸೂಚನೆಯೂ ಇಲ್ಲ, ಅನುಕ್ರಮವೊಂದೇ ಗುರುತು. ತಕ್ಕಡಿಯ ಆ್ಯಪ್ ಮೊದಲು ತೂಕ ಬರೆದು ಆಮೇಲೆ ಬ್ಲಾಕ್ ಬರೆಯಿತು, ಲೆಕ್ಕದ ಆ್ಯಪ್ ತಿರುವುಮುರುವಾಗಿ ಓದಿತು ಅನ್ನಿ. 42.5 ಕೆಜಿ ಹಣ್ಣು ಕೊಯ್ದ ಕೆಲಸಗಾರರ ಬ್ಲಾಕ್ ನಂಬರ್ 111 ಕೋಟಿ 48 ಸಾವಿರದ 768 ಆಗುತ್ತದೆ. ಮೂರನೇ ಬ್ಲಾಕ್‌ನ 3 ಎಂಬುದು ತೂಕದ ಜಾಗಕ್ಕೆ ಬಂದು ಸೊನ್ನೆಗೆ ಅಂಟಿಕೊಂಡ ಸಂಖ್ಯೆಯಾಗುತ್ತದೆ. ಕೂಲಿಯ ಪುಸ್ತಕದಲ್ಲಿ 0.00. ಆ್ಯಪ್ ಬೀಳುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಬಿದ್ದಿದ್ದರೇ ವಾಸಿಯಿತ್ತು, ಆವತ್ತೇ ಗೊತ್ತಾಗುತ್ತಿತ್ತು.

ಹೆಸರಿಡದ್ದಕ್ಕೆ ಕಾರಣ ವೇಗ. ಬೈಂಡರ್ ಕಳಿಸುವವರ ಬೈಟ್‌ಗಳನ್ನು ಪಡೆಯುವವರ ಮೆಮೊರಿಗೆ ಒಂದೇ ಸಲ ನಕಲು ಮಾಡುತ್ತದೆ. ಜಾವಾದ ಹಳೆಯ ಸೀರಿಯಲೈಸೇಶನ್‌ನಂತೆ ಕ್ಲಾಸ್‌ನ ಪೂರ್ಣ ವಿವರವನ್ನು ಹೊತ್ತು ತಿರುಗುವುದಿಲ್ಲ. ಆ ಮಿತವ್ಯಯವನ್ನು ಕೆಲವರು ದುರುಪಯೋಗ ಮಾಡಿಕೊಂಡರು. ಒಂದು ಕ್ಲಾಸ್‌ನ ಬರೆಯುವ ವಿಧಾನಕ್ಕೂ ಓದುವ ವಿಧಾನಕ್ಕೂ ನಾಲ್ಕು ಬೈಟ್ ವ್ಯತ್ಯಾಸ ಇದ್ದರೆ, ಅದನ್ನು ಒಳಗಿಟ್ಟ ಕಟ್ಟು (ಬಂಡಲ್) ಮೊದಲ ಪ್ರೊಸೆಸ್ ಓದಿದಾಗ ಒಂದು ಥರ ಕಾಣುತ್ತದೆ. ಅದು ಮರಳಿ ಬರೆದು ಮುಂದಕ್ಕೆ ಕಳಿಸಿದ ಮೇಲೆ ಎರಡನೆಯದಕ್ಕೆ ಇನ್ನೊಂದು ಥರ. ತಪಾಸಣೆ ಮಾಡಿದವರು ಕಂಡದ್ದು ಬೇರೆ, ಜಾರಿಗೆ ಬಂದದ್ದು ಬೇರೆ. 2023ರ ಮಾರ್ಚ್‌ನ ಆಂಡ್ರಾಯ್ಡ್ ಭದ್ರತಾ ಪ್ರಕಟಣೆಯಲ್ಲಿದ್ದ ಸಿವಿಇ-2023-20963 ಸಂಖ್ಯೆಯ ದೋಷ ಇದೇ ಜಾತಿಯದು. 'ವರ್ಕ್‌ಸೋರ್ಸ್' ಎಂಬ ವ್ಯವಸ್ಥೆಯ ಸ್ವಂತ ಕ್ಲಾಸ್‌ನಲ್ಲೇ ದೋಷ ಇತ್ತು. ಅದರ ದುರ್ಬಳಕೆ ಆಗಲೇ ನಡೆದಿರಬಹುದೆಂಬ ಸೂಚನೆಯನ್ನೂ ಪ್ರಕಟಣೆ ಕೊಟ್ಟಿತ್ತು. ವ್ಯವಸ್ಥೆಯನ್ನು ಬರೆದವರೇ ತಪ್ಪಿದ ಕಡೆ, ಸಣ್ಣ ಆ್ಯಪ್ ಬರೆಯುವವರನ್ನು ದೂರುವುದು ಸರಿಯಲ್ಲ.

ಯಾವ ಕ್ಲಾಸ್ ಬರಬೇಕೆಂದು ಪಡೆಯುವವರೇ ಮೊದಲು ಹೇಳಬೇಕು ಎಂಬ ಕ್ರಮ ಐಫೋನ್ ಕಡೆ 2012ರಲ್ಲೇ, ಐಒಎಸ್ 6ರ 'ಸೆಕ್ಯೂರ್ ಕೋಡಿಂಗ್' ಜೊತೆ ಬಂದಿತ್ತು. ಆಂಡ್ರಾಯ್ಡ್‌ನ ಬಂಡಲ್‌ಗೆ ಇಂಥ ಸೌಲಭ್ಯ ಸೇರಲು 2022ರ 13ನೇ ಆವೃತ್ತಿ ಬೇಕಾಯಿತು. ತಡವಾಯಿತು ಎನ್ನಲೇಬೇಕು. ಅದಕ್ಕೂ ಮೊದಲು, 10ನೇ ಆವೃತ್ತಿಯಲ್ಲಿ, ಎಐಡಿಎಲ್ ಕಡತದಲ್ಲೇ ಕ್ಲಾಸ್‌ನ ಅಂಶಗಳನ್ನು ಬರೆದುಬಿಡುವ ಅನುಕೂಲ ಬಂತು. ಬರೆಯುವ, ಓದುವ ಕೋಡ್ ಎರಡನ್ನೂ ಯಂತ್ರವೇ ತಯಾರಿಸುತ್ತದೆ, ಮೊದಲಿಗೆ ಒಟ್ಟು ಅಳತೆಯನ್ನೂ ಬರೆದಿಡುತ್ತದೆ. ನಾಳೆ ಚೀಟಿಯ ಕೊನೆಗೆ 'ತಳಿ' ಎಂಬ ಅಂಶ ಸೇರಿಸಿ ಅರೇಬಿಕಾ, ರೊಬಸ್ಟಾ ಬೇರ್ಪಡಿಸಿದರೂ ಹಳೆಯ ಆ್ಯಪ್ ತನಗೆ ತಿಳಿದಷ್ಟು ಓದಿ ಮಿಕ್ಕದ್ದನ್ನು ಹಾರಿಸುತ್ತದೆ.

ಕೀಬೋರ್ಡ್ ಬರೆಯುವ ಕನ್ನಡಿಗರಿಗೆ ಇನ್ನೊಂದು ತೊಡಕು ಕಾದಿದೆ. ಕಾಗುಣಿತ ಅನುಮಾನವಾದ ಪದಕ್ಕೆ ತಮ್ಮದೇ ಕ್ಲಾಸ್‌ನ ಗುರುತು ಅಂಟಿಸಿ ಕಳಿಸಿದರೆ, ಪದ ತಲುಪುತ್ತದೆ, ಗುರುತು ತಲುಪುವುದಿಲ್ಲ. ಪಠ್ಯದ ಮೇಲಿನ ಗುರುತುಗಳಲ್ಲಿ ಗಡಿ ದಾಟುವ ಅನುಮತಿ ಇರುವುದು ಆಂಡ್ರಾಯ್ಡ್‌ನ ಸ್ವಂತ ಕ್ಲಾಸ್‌ಗಳಿಗೆ ಮಾತ್ರ.

ಗಾತ್ರದ ಮಿತಿ ಬೇರೆಯೇ ಇದೆ. ಬೈಂಡರ್‌ನಲ್ಲಿ ಒಂದು ಪ್ರೊಸೆಸ್‌ಗೆ ಸಿಗುವ ಜಾಗ ಈಗ 1 ಎಂಬಿ, ಅದೂ ಆ ಕ್ಷಣ ನಡೆಯುತ್ತಿರುವ ಎಲ್ಲ ವ್ಯವಹಾರಗಳಿಗೂ ಸೇರಿ. ಚೀಟಿಗಳಿಗೆ ಇದು ಧಾರಾಳ. ಹತ್ತು ಸಾವಿರ ಚೀಟಿಗಳ ಪಟ್ಟಿಯೂ 300 ಕೆಬಿ ಒಳಗೇ ಮುಗಿಯುತ್ತದೆ. ಫೋಟೊ ಬಂದಾಗ ಕಷ್ಟ. ಕಾಫಿ ಮಂಡಳಿ 2018ರಲ್ಲಿ ತಂದ 'ಕಾಫಿ ಕನೆಕ್ಟ್' ತೋಟಗಳನ್ನು ಜಿಯೊ-ಟ್ಯಾಗ್ ಮಾಡಿ ದಾಖಲಿಸಲು ರೂಪಿಸಿದ್ದು. 2020ರಲ್ಲಿ ರಾಜ್ಯ ಸರ್ಕಾರ ರೈತರೇ ಹೊಲದಲ್ಲಿ ನಿಂತು ಬೆಳೆಯ ಫೋಟೊ ಸೇರಿಸುವ ಬೆಳೆ ಸಮೀಕ್ಷೆಯ ಆ್ಯಪ್ ತಂದಿತು. ಇಂಥ ಯಾವುದೇ ಆ್ಯಪ್ ಫೋನಿನ ಕ್ಯಾಮೆರಾ ಆ್ಯಪ್‌ನ ನೆರವು ಕೇಳಿದರೆ, 12 ಮೆಗಾಪಿಕ್ಸೆಲ್ ಚಿತ್ರ ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ. ಅದು ಆ್ಯಪ್‌ಗಳು ಒಂದಕ್ಕೊಂದು ಕಳಿಸುವ ಕೋರಿಕೆಯಾದ ಇಂಟೆಂಟ್‌ನೊಳಗೆ ಹಿಡಿಸದು. ಆದ್ದರಿಂದ ಆ್ಯಪ್ ತಾನೇ ಒಂದು ಕಡತದ ವಿಳಾಸ ಕೊಟ್ಟು, ಅದಕ್ಕಷ್ಟೇ ಬರೆಯುವ ಅನುಮತಿ ಕೊಡುತ್ತದೆ. ಕ್ಯಾಮೆರಾ ಅಲ್ಲಿಗೆ ಚಿತ್ರ ಇಳಿಸುತ್ತದೆ. ಹಾಗೆ ಮಾಡದವರಿಗೆ ವಾಪಸು ಸಿಗುವುದು ಪುಟ್ಟ ಥಂಬ್‌ನೇಲ್. ಎಲೆಯ ಮೇಲಿನ ತುಕ್ಕು ರೋಗ ಅದರಲ್ಲಿ ಕಂಡರೆ ಪುಣ್ಯ.

ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಚೀಟಿಗಳು ಸಂಜೆವರೆಗೆ, ಒಮ್ಮೊಮ್ಮೆ ಮಳೆ ನಿಲ್ಲುವವರೆಗೂ ಫೋನಿನಲ್ಲೇ ಕಾಯಬೇಕು. ಪಾರ್ಸೆಲ್‌ನ ಬೈಟ್‌ಗಳು ಹೇಗೂ ಕೈಯಲ್ಲಿವೆ, ಅವನ್ನೇ ಕಡತಕ್ಕೆ ಇಳಿಸಿಬಿಡೋಣ ಎಂಬ ಆಸೆ ಇಲ್ಲಿ ಸಹಜ. ಆಂಡ್ರಾಯ್ಡ್‌ನ ದಾಖಲೆ ಇದನ್ನು ಖಡಾಖಂಡಿತವಾಗಿ ಬೇಡವೆನ್ನುತ್ತದೆ: ಆ ಬೈಟ್‌ಗಳ ಒಳವಿನ್ಯಾಸ ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು, ಹಳೆಯ ಕಡತ ಆಗ ಓದಲು ಬಾರದು. ಫೋನಿನಲ್ಲಿ ಉಳಿಯಬೇಕಾದ ಚೀಟಿಗೆ ಎಸ್‌ಕ್ಯೂಲೈಟ್‌ನ ಕೋಷ್ಟಕ ಬೇಕು, ಇಲ್ಲವೇ ಪ್ರತಿ ಅಂಶಕ್ಕೂ ಸ್ಥಿರ ಸಂಖ್ಯೆ ಕೊಡುವ ಪ್ರೊಟೊಬಫ್‌ನಂಥ ವ್ಯವಸ್ಥೆ. ಅಲ್ಲಿ ತೂಕಕ್ಕೂ ಬ್ಲಾಕ್‌ಗೂ ಬೇರೆ ಬೇರೆ ಸಂಖ್ಯೆ ಇರುವುದರಿಂದ, ಯಾವುದನ್ನು ಮೊದಲು ಬರೆದರೂ 42.5 ಕೆಜಿ ತೂಕದ ಕಾಲಂನಲ್ಲೇ ಬಂದು ಕೂರುತ್ತದೆ.