ಲವ್ ಮಿ ಟುನೈಟ್: ಹಾಡಿಗೆ ನಡಿಗೆ ಕಲಿಸಿದ ಚಿತ್ರ

'ಲವ್ ಮಿ ಟುನೈಟ್' 1932ರ ಆಗಸ್ಟ್‌ನಲ್ಲಿ ತೆರೆಕಂಡ ಅಮೆರಿಕದ ಸಂಗೀತಮಯ ಪ್ರಣಯ ಹಾಸ್ಯಚಿತ್ರ. ಪ್ಯಾರಾಮೌಂಟ್ ಸಂಸ್ಥೆಯ ಈ ಚಿತ್ರವನ್ನು ನಿರ್ದೇಶಿಸಿದವರು ರೂಬೆನ್ ಮಮೂಲಿಯನ್. ಮೊರಿಸ್ ಶೆವಾಲಿಯೇ ಮತ್ತು ಜಾನೆಟ್ ಮ್ಯಾಕ್‌ಡೊನಾಲ್ಡ್ ನಾಯಕ-ನಾಯಕಿಯರು. ಲೊರೆಂಜ್ ಹಾರ್ಟ್ ಗೀತೆಗಳನ್ನು ರಚಿಸಿದ್ದು, ರಿಚರ್ಡ್ ರಾಡ್ಜರ್ಸ್ ಸಂಗೀತ ನೀಡಿದ್ದಾರೆ. ವಾಕ್ಚಿತ್ರ ಯುಗದ ಆರಂಭದಲ್ಲಿ ಹಾಡನ್ನು ರಂಗಮಂಚದಿಂದ ಕೆಳಗಿಳಿಸಿ ಕಥೆಯೊಳಗೆ ನಡೆದಾಡಿಸಿದ ಕೃತಿಗಳಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಆದರೆ ಇಂದು ನೋಡಲು ಸಿಗುವುದು 1932ರ ಪ್ರೇಕ್ಷಕರು ಕಂಡ ಪೂರ್ಣ ಚಿತ್ರವಲ್ಲ.

ಹಿನ್ನೆಲೆ

1927ರಲ್ಲಿ 'ದಿ ಜಾಝ್ ಸಿಂಗರ್' ತೆರೆಗೆ ಬಂದ ಬಳಿಕ ಹಾಲಿವುಡ್ ಮೂಕಿ ಚಿತ್ರಗಳಿಗೆ ಬೆನ್ನು ತಿರುಗಿಸಿತು. ಮಾತು ಬಂದದ್ದರಿಂದ ಚಿತ್ರಕ್ಕೆ ಲಾಭದ ಜೊತೆಗೆ ನಷ್ಟವೂ ಆಯಿತು. ಕ್ಯಾಮೆರಾದ ಸದ್ದು ಧ್ವನಿಮುದ್ರಣಕ್ಕೆ ಅಡ್ಡಿಯಾಗುತ್ತಿದ್ದ ಕಾರಣ ಅದನ್ನು ಮುಚ್ಚಿದ ಗೂಡಿನೊಳಗೆ ಇರಿಸಬೇಕಾಯಿತು. ನಟರು ಮೈಕ್ರೊಫೋನಿನ ಸಮೀಪವೇ ನಿಂತು ಮಾತನಾಡಬೇಕಿತ್ತು. ಮೂಕಿ ಯುಗದಲ್ಲಿ ಸ್ವಚ್ಛಂದವಾಗಿ ಚಲಿಸುತ್ತಿದ್ದ ಚಿತ್ರ ಹೀಗೆ ನಿಂತಲ್ಲೇ ನಿಂತಿತು. ಆಗಿನ ಅನೇಕ ಸಂಗೀತ ಚಿತ್ರಗಳು ನಾಟಕದ ಪ್ರದರ್ಶನವನ್ನು ಹಾಗೆಯೇ ಸೆರೆಹಿಡಿದಂತಿದ್ದವು. ಹಾಡು ಬಂದಾಗ ಕಥೆ ನಿಲ್ಲುತ್ತಿತ್ತು, ಹಾಡು ಮುಗಿದ ಮೇಲೆ ಮುಂದುವರಿಯುತ್ತಿತ್ತು.

ಈ ಕಟ್ಟನ್ನು ಸಡಿಲಿಸಲು ಯತ್ನಿಸಿದವರಲ್ಲಿ ಅಮೆರಿಕದಲ್ಲಿ ಅರ್ನ್‌ಸ್ಟ್ ಲುಬಿಚ್, ಫ್ರಾನ್ಸಿನಲ್ಲಿ ರೆನೆ ಕ್ಲೇರ್ ಪ್ರಮುಖರು. 1929ರ 'ದಿ ಲವ್ ಪೆರೇಡ್' ಚಿತ್ರದಲ್ಲಿ ಶೆವಾಲಿಯೇ-ಮ್ಯಾಕ್‌ಡೊನಾಲ್ಡ್ ಜೋಡಿಯನ್ನು ಮೊದಲು ಒಂದುಗೂಡಿಸಿದವರು ಲುಬಿಚ್. ಅದೇ ವರ್ಷ 'ಅಪ್ಲಾಸ್' ಚಿತ್ರದ ಮೂಲಕ ಚಿತ್ರರಂಗಕ್ಕೆ ಬಂದ ಮಮೂಲಿಯನ್, ಒಂದೇ ದೃಶ್ಯಕ್ಕೆ ಎರಡು ಮೈಕ್ರೊಫೋನುಗಳನ್ನು ಬಳಸಿ ಗಮನ ಸೆಳೆದಿದ್ದರು.

ಕಥಾಸಾರ

ಪಾಲ್ ಆರ್ಮೊಂ ಮತ್ತು ಲಿಯೊಪೋಲ್ಡ್ ಮಾರ್ಶಾಂ ಬರೆದ ಫ್ರೆಂಚ್ ನಾಟಕವೊಂದು ಚಿತ್ರಕ್ಕೆ ಆಧಾರ. ಮೊರಿಸ್ ಪ್ಯಾರಿಸ್ಸಿನ ಒಬ್ಬ ದರ್ಜಿ. ಶ್ರೀಮಂತ ಮನೆತನದ ಗಿಲ್ಬರ್ಟ್ ಅವನಿಂದ ರಾಶಿ ಉಡುಪುಗಳನ್ನು ಹೊಲಿಸಿಕೊಂಡು ಹಣ ಕೊಡದೆ ಕೈಯಾಡಿಸುತ್ತಾನೆ. ಬಾಕಿ ವಸೂಲಿಗೆಂದು ಮೊರಿಸ್ ಗಿಲ್ಬರ್ಟನ ಚಿಕ್ಕಪ್ಪನ ಕೋಟೆಮನೆಗೆ ಬರುತ್ತಾನೆ. ಸಾಲದ ಗುಟ್ಟು ಬಯಲಾದೀತೆಂದು ಹೆದರಿದ ಗಿಲ್ಬರ್ಟ್, ಅವನನ್ನು ಒಬ್ಬ ಬ್ಯಾರನ್ ಎಂದು ಮನೆಯವರಿಗೆ ಪರಿಚಯಿಸುತ್ತಾನೆ.

ಆ ಮನೆಯ ರಾಜಕುಮಾರಿ ಜಾನೆಟ್ ಇಪ್ಪತ್ತೆರಡರ ಹರೆಯದ ವಿಧವೆ. ಹದಿನಾರನೇ ವಯಸ್ಸಿನಲ್ಲಿ ಆಕೆಯನ್ನು ಎಪ್ಪತ್ತು ದಾಟಿದ ವೃದ್ಧನಿಗೆ ಕೊಟ್ಟು ಮದುವೆ ಮಾಡಲಾಗಿತ್ತು. ಅಂತಸ್ತಿಗೆ ತಕ್ಕ ವರ ಸಿಗಲಿಲ್ಲವೆಂಬ ಕಾರಣಕ್ಕೆ ಮರುವಿವಾಹವೂ ಆಗಿಲ್ಲ. ಹಾಸ್ಯಚಿತ್ರದ ಒಡಲಲ್ಲಿರುವ ನೋವು ಇದು. ಮೊರಿಸ್ ಆಕೆಯ ಸವಾರಿ ಉಡುಪನ್ನು ತಾನೇ ತಿದ್ದಿ ಹೊಲಿದಾಗ ಅವನ ಕಸುಬು ಹೊರಬೀಳುತ್ತದೆ. ಬಂದವನು 'ಬರೀ ದರ್ಜಿ' ಎಂದು ತಿಳಿದೊಡನೆ ಒಡೆಯರಿಂದ ಹಿಡಿದು ಆಳುಗಳವರೆಗೆ ಎಲ್ಲರೂ ಹಾಡಿ ಹೀಗಳೆಯುತ್ತಾರೆ. ರಾಜಕುಮಾರಿಯೂ ಹಿಂದೆ ಸರಿಯುತ್ತಾಳೆ. ಬಳಿಕ ಮನಸ್ಸು ಬದಲಿಸಿ, ಮೊರಿಸ್ ಹೊರಟ ರೈಲನ್ನು ಕುದುರೆಯ ಮೇಲೆ ಬೆನ್ನಟ್ಟಿ, ಹಳಿಯ ಮೇಲೆ ನಿಂತು ತಡೆಯುತ್ತಾಳೆ. ನಾಯಕಿಯನ್ನು ನಾಯಕ ಕಾಪಾಡುವ ವಾಡಿಕೆ ಇಲ್ಲಿ ತಿರುಗುಮುರುಗಾಗಿದೆ.

ಶಬ್ದ ಮತ್ತು ಸಂಗೀತ

ಚಿತ್ರ ಆರಂಭವಾಗುವುದು ಪ್ಯಾರಿಸ್ಸಿನ ನಸುಕಿನಲ್ಲಿ. ಗಂಟೆಯ ನಾದ, ಬೀದಿ ಅಗೆಯುವ ಗುದ್ದಲಿ, ಗೊರಕೆ, ಕಸಬರಿಕೆ, ಮಗುವಿನ ಅಳು, ಚಮ್ಮಾರನ ಸುತ್ತಿಗೆ ಒಂದರ ಮೇಲೊಂದು ಸೇರಿ ತಾಳ ಕಟ್ಟುತ್ತವೆ. ಆ ತಾಳ ಬೆಳೆದು ನಾಯಕನ ಹಾಡಾಗುತ್ತದೆ. 1927ರಲ್ಲಿ 'ಪೋರ್ಗಿ' ನಾಟಕವನ್ನು ಬ್ರಾಡ್‌ವೇಯಲ್ಲಿ ನಿರ್ದೇಶಿಸಿದಾಗ ಮಮೂಲಿಯನ್ ಇಂಥದ್ದೇ ಪ್ರಯೋಗ ಮಾಡಿದ್ದರು.

ಇದಕ್ಕಿಂತ ಹೆಸರಾದುದು 'ಇಸಿಂಟ್ ಇಟ್ ರೊಮ್ಯಾಂಟಿಕ್' ಹಾಡಿನ ಚಿತ್ರೀಕರಣ. ಮೊರಿಸ್ ಅಂಗಡಿಯಲ್ಲಿ ಹಾಡಿದ್ದನ್ನು ಗಿರಾಕಿಯೊಬ್ಬ ಗುನುಗುತ್ತ ಬೀದಿಗಿಳಿಯುತ್ತಾನೆ. ಅವನಿಂದ ಟ್ಯಾಕ್ಸಿ ಚಾಲಕ, ಚಾಲಕನಿಂದ ಪ್ರಯಾಣಿಕನಾದ ಸಂಗೀತ ರಚನಕಾರ ಅದನ್ನು ಕಲಿಯುತ್ತಾರೆ. ರೈಲಿನಲ್ಲಿ ಕೇಳಿಸಿಕೊಂಡ ಸೈನಿಕರ ಬಾಯಲ್ಲಿ ಅದು ಕವಾಯತಿನ ಗೀತೆ. ಜಿಪ್ಸಿಗಳ ಬಿಡಾರದಲ್ಲಿ ಪಿಟೀಲಿನ ರಾಗ. ಕೊನೆಗೆ ಅದು ದೂರದ ಕೋಟೆಮನೆಯ ಉಪ್ಪರಿಗೆಯಲ್ಲಿ ನಿಂತ ರಾಜಕುಮಾರಿಯ ಕಿವಿ ಮುಟ್ಟುತ್ತದೆ. ಹಾಡುವವರು ಬದಲಾದಂತೆ ಮಾತುಗಳೂ ಬದಲಾಗುತ್ತವೆ. ನಾಯಕ-ನಾಯಕಿ ಇನ್ನೂ ಪರಸ್ಪರ ಕಂಡಿಲ್ಲ, ಆದರೆ ಒಂದೇ ರಾಗ ಇಬ್ಬರನ್ನೂ ಬೆಸೆದಿದೆ. ರಂಗಮಂಚದ ಮೇಲೆ ಅಸಾಧ್ಯವಾದ ಈ ಪಯಣವನ್ನು ಸಂಕಲನವೊಂದೇ ಸಾಧ್ಯಗೊಳಿಸಿತು.

ಬೇಟೆಯ ದೃಶ್ಯವೂ ಉಲ್ಲೇಖಾರ್ಹ. ದಣಿದ ಜಿಂಕೆಗೆ ಆಶ್ರಯ ನೀಡಿದ ಮೊರಿಸ್, ಸದ್ದಿಲ್ಲದೆ ಹಿಂದಿರುಗುವಂತೆ ಬೇಟೆಗಾರರಿಗೆ ಹೇಳುತ್ತಾನೆ. ಕುದುರೆಗಳೂ ತುದಿಗಾಲಿನಲ್ಲಿ ನಡೆದವೋ ಎಂಬಂತೆ ಇಡೀ ತಂಡ ನಿಧಾನಗತಿಯಲ್ಲಿ ಮರಳುತ್ತದೆ.

ಕತ್ತರಿ ಪ್ರಯೋಗ

ಹಾಲಿವುಡ್ 1930ರಲ್ಲಿ ಅಂಗೀಕರಿಸಿದ ನಿರ್ಮಾಣ ಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂದದ್ದು 1934ರಲ್ಲಿ. ಆನಂತರದ ಮರುಬಿಡುಗಡೆಗಾಗಿ, ಸಭ್ಯತೆಯ ಮೇರೆ ಮೀರಿದವೆಂದು ಕಂಡ ಭಾಗಗಳನ್ನು ಚಿತ್ರದಿಂದ ತೆಗೆಯಲಾಯಿತು. 'ಮಿಮಿ' ಹಾಡಿನ ಪುನರಾವರ್ತನೆಯಲ್ಲಿ, ತೆಳು ರಾತ್ರಿಯುಡುಪಿನಲ್ಲಿ ಮಿರ್ನಾ ಲಾಯ್ ಹಾಡುವ ತುಣುಕು ಅವುಗಳಲ್ಲೊಂದು. ಕತ್ತರಿಸಿದ ಭಾಗಗಳು ಮರಳಿ ದೊರೆತಿಲ್ಲ. ಈಗ ಲಭ್ಯವಿರುವ ಪ್ರತಿಯ ಅವಧಿ ಸುಮಾರು 89 ನಿಮಿಷ.

ಪರಿಣಾಮ

'ಇಸಿಂಟ್ ಇಟ್ ರೊಮ್ಯಾಂಟಿಕ್', 'ಲವರ್' ಮತ್ತು 'ಮಿಮಿ' ಗೀತೆಗಳು ಚಿತ್ರದಾಚೆಗೂ ಬಾಳಿದವು. ಹಾಡು ಕಥೆಯನ್ನು ಮುನ್ನಡೆಸಬೇಕೆಂಬ ವಿಚಾರವೂ ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ಸಂಗೀತ ನಾಟಕದ ದಿಕ್ಕು ಬದಲಿಸಿದ 1943ರ 'ಓಕ್ಲಹಾಮ'ದಲ್ಲಿ ರಾಡ್ಜರ್ಸ್ ಮತ್ತು ಮಮೂಲಿಯನ್ ಮತ್ತೆ ಒಂದಾದರು. ಅದೇ ರಾಡ್ಜರ್ಸ್ ಮುಂದೆ 'ದಿ ಸೌಂಡ್ ಆಫ್ ಮ್ಯೂಸಿಕ್'ಗೆ ಸಂಗೀತ ನೀಡಿದರು.

ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ 'ಲವ್ ಮಿ ಟುನೈಟ್' 1990ರಲ್ಲಿ ಸೇರ್ಪಡೆಯಾಯಿತು. ಸಂರಕ್ಷಣೆಗೆ ಅರ್ಹವೆಂಬ ಮನ್ನಣೆ ದೊರೆಯುವ ಹೊತ್ತಿಗೆ ಚಿತ್ರದ ಒಂದು ಭಾಗ ಕಳೆದುಹೋಗಿ ದಶಕಗಳೇ ಕಳೆದಿದ್ದವು.