ಹೆಸರಿನ ಖಾತೆ ಯಾರ ಕೈಯಲ್ಲಿ?

ಹುತ್ತೂರು ಕೋಲಾರ ತಾಲೂಕಿನ ಒಂದು ಹೋಬಳಿ. ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಸೀಮೆ ನಮ್ಮದು. ಇಲ್ಲಿ ಹೊಲ ಯಾರದೆಂಬ ಜಗಳ ಬಂದಾಗ ಉಳುವವನ ಬಾಯಿಮಾತಿಗಿಂತ ಶಾನುಭೋಗರ ಲೆಕ್ಕದ ಪುಸ್ತಕಕ್ಕೇ ತೂಕ ಹೆಚ್ಚು. ವಂಶಪಾರಂಪರ್ಯವಾಗಿ ಬಂದಿದ್ದ ಆ ಹುದ್ದೆಯನ್ನು 1961ರ ಕಾಯ್ದೆ ರದ್ದುಮಾಡಿತು. ಪುಸ್ತಕ ಮಾತ್ರ ಉಳಿಯಿತು.

ಅಂತರ್ಜಾಲಕ್ಕೂ ಅಂಥ ಪುಸ್ತಕವಿದೆ. ವಿಳಾಸದಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ತುಂಡನ್ನು ಮೇಲ್ಮಟ್ಟದ ಡೊಮೈನ್ ಎನ್ನುತ್ತಾರೆ. 'ಡಾಟ್ ಇನ್' 1989ರಲ್ಲಿ ಭಾರತದ ಪಾಲಿಗೆ ಬಂತು. ಮೊದಲು ಮುಂಬೈಯ ಎನ್‌ಸಿಎಸ್‌ಟಿ ಎಂಬ ಸಂಸ್ಥೆ ಅದರ ಖಾತೆ ಇಟ್ಟಿತ್ತು. 2005ರಲ್ಲಿ ನಿಕ್ಸಿ ಅದನ್ನು ವಹಿಸಿಕೊಂಡು ಜನಸಾಮಾನ್ಯರಿಗೂ ಬಾಗಿಲು ತೆರೆಯಿತು. ಮೂಲ ಪುಸ್ತಕ ನಿಕ್ಸಿಯದು, ಹೆಸರು ಮಾರುವವರು ನೋಂದಣಿದಾರ ಕಂಪನಿಗಳು, ಕೊಳ್ಳುವವರು ನಾವು. ಕೊಳ್ಳುವುದು ಎಂದೆವು, ನಿಜಕ್ಕೂ ಅದು ಗುತ್ತಿಗೆ. ಅವಧಿ ಮುಗಿದ ಮೇಲೆ ಹಣ ಕಟ್ಟದೆ ಕೂತರೆ ಹೆಸರು ಬೇರೆಯವರ ಪಾಲಾಗುತ್ತದೆ.

ನಮ್ಮ ಲಿಪಿಗಳ ಸರದಿ ಬಂದದ್ದು 2011ರಲ್ಲಿ. ಆ ವರ್ಷ 'ಭಾರತ' ಎಂಬ ಡೊಮೈನ್ ಏಳು ಲಿಪಿಗಳಲ್ಲಿ ಮಂಜೂರಾಯಿತು. ಉರ್ದು, ತೆಲುಗು, ತಮಿಳು ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಉರ್ದುವಿಗೆ ಮೊದಲು ಸಿಕ್ಕಿತೆಂದು ಹಿಗ್ಗಬೇಕೋ, ಕನ್ನಡ ಹಿಂದುಳಿಯಿತೆಂದು ಕೊರಗಬೇಕೋ! ಎರಡನ್ನೂ ಓದಿ ಬೆಳೆದ ನಮ್ಮಂಥವರಿಗೆ ಇದು ಪೇಚು. ಕನ್ನಡದ '.ಭಾರತ' ಆಮೇಲಿನ ಸುತ್ತಿನಲ್ಲಿ ಬಂತು.

ಇದರ ನಿರ್ವಹಣೆಯ ಕಷ್ಟ ನಮ್ಮ ಗಡಿಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಕನ್ನಡದ 'ರ', 'ಲ', 'ಜ' ಮತ್ತು ತೆಲುಗಿನ 'ర', 'ల', 'జ' ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಗಣಕಯಂತ್ರಕ್ಕೆ ಬೇರೆ ಬೇರೆ. ಬ್ಯಾಂಕಿನ ಹೆಸರನ್ನು ಕನ್ನಡದಲ್ಲಿ ನೋಂದಾಯಿಸಿದರೆ, ಕಳ್ಳನೊಬ್ಬ ತೆಲುಗು ಅಕ್ಷರ ತೂರಿಸಿ ಅದೇ ರೂಪದ ಇನ್ನೊಂದು ಬಾಗಿಲು ಕಟ್ಟಬಹುದು. ಆದ್ದರಿಂದ ಯಾವ ಅಕ್ಷರ ಯಾವುದರ ಜೋಡಿ, ಒಂದನ್ನು ಕೊಟ್ಟರೆ ಯಾವುದನ್ನು ತಡೆಹಿಡಿಯಬೇಕು ಎಂಬ ನಿಯಮ ಬೇಕಾಗುತ್ತದೆ. ಜಗತ್ತಿನ ಹೆಸರುಗಳ ಉಸ್ತುವಾರಿ ನೋಡುವ ಐಕಾನ್ ಸಂಸ್ಥೆ ಬ್ರಾಹ್ಮೀ ಮೂಲದ ಒಂಬತ್ತು ಲಿಪಿಗಳಿಗೆಂದು ಒಂದು ತಜ್ಞರ ಮಂಡಳಿಯಿಂದ ಇಂಥ ನಿಯಮ ಮಾಡಿಸಿತು. ಕೋಲಾರದ ಬೀದಿಯ ಅಂಗಡಿ ಫಲಕ ಓದುವವನಿಗೆ ಈ ತೊಡಕು ಹೊಸದೇನಲ್ಲ.

ಆದರೂ '.ಭಾರತ' ದೇಶದ ಹೆಸರು, ಕನ್ನಡಿಗರದೇ ಆದ ಖಾತೆಯಲ್ಲ. ಭಾಷೆಗೇ ಒಂದು ಡೊಮೈನ್ ಪಡೆದವರು ಸ್ಪೇನಿನ ಕತಲಾನ್ ಭಾಷಿಕರು. 2005ರಲ್ಲಿ ಐಕಾನ್ ಒಪ್ಪಿದ 'ಡಾಟ್ ಕ್ಯಾಟ್' ಅನ್ನು ನಡೆಸಿದ್ದು ಸರ್ಕಾರವಲ್ಲ, ಬಾರ್ಸಿಲೋನದ ಒಂದು ಪ್ರತಿಷ್ಠಾನ. ಕತಲಾನ್ ಭಾಷೆ, ಸಂಸ್ಕೃತಿಗೆ ಸಂಬಂಧಿಸಿದವರಿಗೆ ಮಾತ್ರ ಹೆಸರು ಎಂದು ಅದು ನಿಯಮ ಮಾಡಿತು. ಆಮೇಲೆ ಬಾಸ್ಕ್, ಗಲೀಸಿಯನ್, ಬ್ರೆಟನ್ ಭಾಷಿಕರೂ ಇದೇ ಹಾದಿ ಹಿಡಿದರು. 2012ರ ಸುತ್ತಿನಲ್ಲಿ ಅರ್ಜಿ ಶುಲ್ಕವೇ 1,85,000 ಡಾಲರ್. ಮುಂದಿನ ಸುತ್ತಿಗೆ ಅದು 2,27,000 ಆಯಿತು.

ಹಣ ಹೇಗೋ ಹೊಂದೀತು. 2017ರ ಸೆಪ್ಟೆಂಬರಿನಲ್ಲಿ ಕತಲೋನಿಯದ ಜನಮತಗಣನೆಯನ್ನು ಸ್ಪೇನಿನ ನ್ಯಾಯಾಲಯ ತಡೆದಿತ್ತು. ಆಗ ಆ ಪ್ರತಿಷ್ಠಾನದ ಕಚೇರಿಗೆ ಪೊಲೀಸರು ನುಗ್ಗಿದರು, ತಾಂತ್ರಿಕ ಮುಖ್ಯಸ್ಥರನ್ನು ಬಂಧಿಸಿದರು. ಮತಗಣನೆಗೆ ಸಂಬಂಧಿಸಿದ ಹೆಸರುಗಳನ್ನು ಖಾತೆಯಿಂದ ತಡೆಯಬೇಕೆಂಬುದು ಅವರ ಮೇಲಿದ್ದ ಒತ್ತಡ. ಭಾಷೆಯ ಹೆಸರಲ್ಲಿ ಕಟ್ಟಿದ ಪುಸ್ತಕದ ಮೇಲೂ ಸರ್ಕಾರದ ಕೈ ಬಿತ್ತು.

ನಾಳೆ 'ಡಾಟ್ ಕನ್ನಡ' ಕೇಳುವವರು ಹುಟ್ಟಬಹುದು, ಹುಟ್ಟಲಿ. ಅದನ್ನು ಕನ್ನಡದ ಸಂಸ್ಥೆಯೊಂದು ನಡೆಸಬೇಕೋ, ಸರ್ಕಾರವೋ, ಕಂಪನಿಯೋ? ಕನ್ನಡ ಬರೆಯುವ ಹುತ್ತೂರಿನ ಉರ್ದು ಮನೆಮಾತಿನವನಿಗೂ, ತೆಲುಗು ಮನೆಮಾತಿನವನಿಗೂ ಅಲ್ಲಿ ಖಾತೆ ಸಿಗುತ್ತದೆಯೋ? ಅರ್ಜಿ ಬರೆಯುವವರು ಈ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬರೆಯಬೇಕಾಗುತ್ತದೆ.