ಬರ್ಟ್ ಕ್ವಾಕ್: ಚೀನೀ ಪಾತ್ರ ಬಿಳಿಯನಿಗೆ, ಅವನ ಬಂಟನ ಪಾತ್ರ ಚೀನೀಯನಿಗೆ

ಬರ್ಟ್ ಕ್ವಾಕ್ ಅನ್ನೋ ಹೆಸರು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಮುಖ ಮಾತ್ರ ನೋಡಿರ್ತೀರಿ. 'ಪಿಂಕ್ ಪ್ಯಾಂಥರ್' ಸಿನಿಮಾಗಳಲ್ಲಿ ಇನ್ಸ್‌ಪೆಕ್ಟರ್ ಕ್ಲೂಸೋ ಮನೆಗೆ ಬಂದ ಕೂಡಲೇ ಯಾವುದೋ ಮೂಲೆಯಿಂದ ಹಾರಿ ಅವನ ಮೈಮೇಲೆ ಬೀಳುವ ಮನೆಯಾಳು ಕೇಟೋ ಇದ್ದಾನಲ್ಲ, ಅವರೇ ಇವರು. ಬ್ರಿಟಿಷ್ ಟಿವಿ ಮತ್ತು ಸಿನಿಮಾದಲ್ಲಿ ಅರ್ಧ ಶತಮಾನ ದುಡಿದ ಪೋಷಕ ನಟ. ಪ್ರಾತಿನಿಧ್ಯದ ಬಗ್ಗೆ ಈಗ ನಾವು ನಡೆಸುವ ಚರ್ಚೆಗೆ ಇವರ ವೃತ್ತಿಜೀವನ ಒಳ್ಳೆಯ ಪಾಠ ಅಂತ ನನಗನ್ನಿಸುತ್ತೆ.

ಹಿನ್ನೆಲೆ

ಕ್ವಾಕ್ ಹುಟ್ಟಿದ್ದು 1930ರಲ್ಲಿ, ಇಂಗ್ಲೆಂಡಿನ ವಾರಿಂಗ್ಟನ್ನಿನಲ್ಲಿ. ಬೆಳೆದದ್ದು ಶಾಂಘೈನಲ್ಲಿ, ಅನುಕೂಲಸ್ಥ ಚೀನೀ ಕುಟುಂಬದಲ್ಲಿ. ಹದಿನೇಳರ ಹೊತ್ತಿಗೆ ಶಾಂಘೈ ಬಿಟ್ಟು ಅಮೆರಿಕದ ಬೋಡನ್ ಕಾಲೇಜಿನಲ್ಲಿ ಓದಿದರು. 1949ರ ಕ್ರಾಂತಿಯಲ್ಲಿ ಮನೆಯ ಆಸ್ತಿ ಹೋಯಿತು. 1950ರ ದಶಕದ ನಡುವೆ ಬ್ರಿಟನ್ನಿಗೆ ವಾಪಸಾಗಿ ನಟನೆಗೆ ಇಳಿದರು.

ಮೊದಲು ಗಮನ ಸೆಳೆದದ್ದು 'ದಿ ಇನ್ ಆಫ್ ದಿ ಸಿಕ್ಸ್ತ್ ಹ್ಯಾಪಿನೆಸ್' (1958) ಸಿನಿಮಾದ ಕೈದಿಗಳ ನಾಯಕನ ಪಾತ್ರ. ಚೀನಾದಲ್ಲಿ ನಡೆಯುವ ಕಥೆ ಅದು, ಚಿತ್ರೀಕರಣವಾಗಿದ್ದು ವೇಲ್ಸ್‌ನಲ್ಲಿ. ಅದರಲ್ಲಿ ಚೀನೀ ಅಧಿಕಾರಿಯಾಗಿ, ಅಂದರೆ ಮ್ಯಾಂಡರಿನ್ ಆಗಿ, ನಟಿಸಿದ್ದು ಇಂಗ್ಲಿಷ್ ನಟ ರಾಬರ್ಟ್ ಡೊನಾಟ್. ಇದೊಂದೇ ಸಲದ ಮಾತಾಗಿರಲಿಲ್ಲ.

ಮೇಕಪ್ಪಿನ ಹಿಂದಿನ ಲೆಕ್ಕ

'ದಿ ಬ್ರೈಡ್ಸ್ ಆಫ್ ಫು ಮಾಂಚು' (1966) ನೋಡಿ. ಚೀನೀ ಖಳನಾಯಕನ ವೇಷ ಹಾಕಿದ್ದು ಕ್ರಿಸ್ಟೋಫರ್ ಲೀ, ಅವನ ಬಂಟನಾಗಿದ್ದು ಕ್ವಾಕ್. 1980ರಲ್ಲಿ ಪೀಟರ್ ಸೆಲ್ಲರ್ಸ್ ಕೂಡ ಫು ಮಾಂಚು ಆದರು, ಕ್ವಾಕ್ ಅಲ್ಲೂ ಆಳಿನ ಪುಟ್ಟ ಪಾತ್ರದಲ್ಲಿ ಬಂದು ಹೋದರು. ಇದೇ ಸೆಲ್ಲರ್ಸ್ 'ದಿ ಪಾರ್ಟಿ'ಯಲ್ಲಿ (1968) ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಟಿವಿಯಲ್ಲೂ ಕಥೆ ಬೇರೆಯಲ್ಲ. 1977ರಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಸರಣಿಯ ಒಂದು ಕಥೆಯಲ್ಲಿ ಚೀನೀ ಜಾದೂಗಾರನ ದೊಡ್ಡ ಪಾತ್ರ ಸಿಕ್ಕಿದ್ದು ಜಾನ್ ಬೆನೆಟ್ ಅನ್ನೋ ಬಿಳಿಯ ನಟನಿಗೆ. ಹಾಗಂತ ಚೀನೀ ನಟರು ಯಾರೂ ಇರಲಿಲ್ಲ ಅನ್ನೋ ಹಾಗಿಲ್ಲ. 'ಡೇಂಜರ್ ಮ್ಯಾನ್', 'ದಿ ಸೇಂಟ್', 'ದಿ ಅವೆಂಜರ್ಸ್' ಧಾರಾವಾಹಿಗಳಲ್ಲಿ ಕ್ವಾಕ್ ಆಗಲೇ ಕಾಣಿಸಿಕೊಂಡಿದ್ದರು. ನಟರಿದ್ದರು, ನಂಬಿ ದೊಡ್ಡ ಪಾತ್ರ ಕೊಡುವವರು ಇರಲಿಲ್ಲ.

ಕೇಟೋ

1964ರ 'ಎ ಶಾಟ್ ಇನ್ ದಿ ಡಾರ್ಕ್'ನಿಂದ 1993ರವರೆಗೆ ಏಳು ಸಿನಿಮಾಗಳಲ್ಲಿ ಕ್ವಾಕ್ ಕೇಟೋ ಆದರು. ತನ್ನನ್ನು ಸದಾ ಎಚ್ಚರವಾಗಿಡಲು ಯಾವಾಗ ಬೇಕಾದರೂ ದಾಳಿ ಮಾಡು ಅಂತ ಆಳಿಗೆ ಕ್ಲೂಸೋನೇ ಹೇಳಿರುತ್ತಾನೆ. ಮನೆ ಪುಡಿಪುಡಿಯಾಗುವಂಥ ಹೊಡೆದಾಟದ ನಡುವೆ ಫೋನ್ ಬಂದರೆ ಕೇಟೋ ತಟ್ಟನೆ ನಿಂತು ವಿನಯದಿಂದ ಉತ್ತರಿಸುತ್ತಾನೆ. ಆ ತಟ್ಟನೆ ಬದಲಾಗುವ ಟೈಮಿಂಗ್ ಕ್ವಾಕ್ ಅವರದು, ಅದಿಲ್ಲದಿದ್ದರೆ ಜೋಕೇ ಇಲ್ಲ. ಆದರೆ ಕ್ಲೂಸೋ ಅವನ ಮೈಬಣ್ಣ ಹಿಡಿದು ಆಡುವ ಮಾತು ಇವತ್ತು ಕೇಳಿದರೆ ಕಿರಿಕಿರಿಯಾಗುತ್ತೆ. ಎರಡೂ ನಿಜ.

'ಟೆಂಕೋ'ದಿಂದ ಎಂಟ್ವಿಸಲ್‌ವರೆಗೆ

ನನ್ನ ಪ್ರಕಾರ ಅವರ ದೊಡ್ಡ ಕೆಲಸ ಬಿಬಿಸಿಯ 'ಟೆಂಕೋ' (1981–84). 1942ರಲ್ಲಿ ಸಿಂಗಾಪುರ ಬಿದ್ದ ಮೇಲೆ ಜಪಾನಿಗೆ ಸೆರೆಸಿಕ್ಕ ಮಹಿಳೆಯರ ಕಥೆ ಅದು. ಸೆರೆಶಿಬಿರದ ಅಧಿಕಾರಿ ಯಮೌಚಿಯಾಗಿ ಕ್ವಾಕ್. ಜಪಾನಿ ಸೇನೆ ಶಾಂಘೈಯನ್ನು ಹಿಡಿದಿಟ್ಟುಕೊಂಡ ವರ್ಷಗಳು ಅವರ ಬಾಲ್ಯದ ವರ್ಷಗಳೇ. ಹಾಗಿದ್ದೂ ಅವರು ಯಮೌಚಿಯನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಕ್ರೌರ್ಯ ಬಿಡದೆ, ಕರ್ತವ್ಯಕ್ಕೂ ಒಳಗಿನ ದಣಿವಿಗೂ ನಡುವೆ ಸಿಕ್ಕಿಕೊಂಡ ಮನುಷ್ಯನನ್ನು ತೋರಿಸಿದರು.

2002ರಿಂದ 2010ರವರೆಗೆ, ಯಾರ್ಕ್‌ಶೈರ್ ಹಿನ್ನೆಲೆಯ ಹಾಸ್ಯ ಧಾರಾವಾಹಿ 'ಲಾಸ್ಟ್ ಆಫ್ ದಿ ಸಮ್ಮರ್ ವೈನ್'ನಲ್ಲಿ ಅವರು ಎಲೆಕ್ಟ್ರಿಷಿಯನ್ ಎಂಟ್ವಿಸಲ್. ಗೂಢಚಾರ ಅಲ್ಲ, ಖಳನ ಬಂಟನೂ ಅಲ್ಲ. ಊರಿನ ಮುದುಕರಲ್ಲಿ ಇನ್ನೊಬ್ಬ ಮುದುಕ, ಅಷ್ಟೇ. ಇಂಗ್ಲೆಂಡಿನಲ್ಲೇ ಹುಟ್ಟಿದವರಿಗೆ ಇಂಗ್ಲೆಂಡಿನ ಒಬ್ಬ ಸಾಮಾನ್ಯ ಮನುಷ್ಯನಾಗಿ ಇಷ್ಟು ಕಾಲ ಕಾಣಿಸಿಕೊಳ್ಳಲು ಎಪ್ಪತ್ತು ದಾಟಬೇಕಾಯಿತು.

ಒಪ್ಪಿಕೊಂಡದ್ದು ತಪ್ಪಾ?

ಇಂಥ ಪಾತ್ರ ಒಪ್ಪಿದ್ದಕ್ಕೆ ಕ್ವಾಕ್ ಟೀಕೆ ಕೇಳಿದರು. ನಾನು ಬಿಟ್ಟರೆ ಇನ್ನೊಬ್ಬ ಮಾಡ್ತಾನೆ, ಅದಕ್ಕಿಂತ ನಾನೇ ಮಾಡಿ ಕೈಲಾದಷ್ಟು ಮೇಲೆತ್ತೋಣ ಅನ್ನೋದು ಅವರ ನಿಲುವಾಗಿತ್ತು. ನಮ್ಮಂಥವರಿಗೆ ಇದು ರಾಜಿ ಅನ್ನಿಸಬಹುದು. ನಾನು ಅಷ್ಟು ಸುಲಭವಾಗಿ ತೀರ್ಪು ಕೊಡಲಾರೆ. ಬಾಡಿಗೆ ಕಟ್ಟಬೇಕಾದ ನಟನಿಗೆ 'ಇಲ್ಲ' ಅನ್ನೋ ಸ್ವಾತಂತ್ರ್ಯ ಎಷ್ಟಿತ್ತು ಅಂತ ಕೇಳದೆ ಅವನ ಆಯ್ಕೆಯನ್ನಷ್ಟೇ ತೂಗುವುದು, ಪಾತ್ರ ಹಂಚುವವರನ್ನು ಸದ್ದಿಲ್ಲದೆ ಬಿಟ್ಟುಬಿಟ್ಟ ಹಾಗೆ.

2011ರಲ್ಲಿ ಕ್ವಾಕ್ ಅವರಿಗೆ ಓಬಿಇ ಗೌರವ ಸಿಕ್ಕಿತು. ಮರುವರ್ಷವೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಚೀನಾದ ಪ್ರಾಚೀನ ನಾಟಕ 'ದಿ ಆರ್ಫನ್ ಆಫ್ ಝಾವೋ'ವನ್ನು ರಂಗಕ್ಕೆ ತಂದಿತು. 17 ನಟರಲ್ಲಿ ಪೂರ್ವ ಏಷ್ಯಾ ಮೂಲದವರು ಮೂವರೇ, ಅದೂ ಸಣ್ಣ ಪಾತ್ರಗಳಲ್ಲಿ. ಈ ಸಲ ಕಲಾವಿದರು ಸುಮ್ಮನಿರಲಿಲ್ಲ, ಒಟ್ಟಾಗಿ ಬಹಿರಂಗವಾಗಿ ಪ್ರತಿಭಟಿಸಿದರು.

ಕ್ವಾಕ್ 2016ರ ಮೇ 24ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. ತೆರೆ ಮೇಲೆ ನಮ್ಮವರು ಇದ್ದಾರಾ ಅಂತ ಕೇಳಿದರೆ ಸಾಲದು. ಕಥೆಯಲ್ಲಿ ಅವರ ಕೆಲಸ ಏನು, ಅದನ್ನು ಹಂಚಿದ್ದು ಯಾರು ಅಂತಲೂ ಕೇಳಬೇಕು.